ಮೂರು ಮಂಜಿನ ಊರಿಗೆ ಯಾವ ತಿಂಗಳು, ಯಾವ ದಾರಿ? ಮೇ ಹಾಂಗ್ ಸಾನ್ ಪ್ರವಾಸದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು, ನಮ್ಮ ಯಜಮಾನರು ಮತ್ತು 67 ವರ್ಷದ ನಮ್ಮತ್ತೆ ಬೆಂಗಳೂರಿನಿಂದ ಥಾಯ್ಲೆಂಡಿನ ಮೇ ಹಾಂಗ್ ಸಾನ್ ಪ್ರಾಂತ್ಯಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿನ ದೇವಾಲಯಗಳು, ಬೆಟ್ಟದ ಜನರ ಹಳ್ಳಿಗಳು, ಕತ್ತಿಗೆ ಹಿತ್ತಾಳೆ ಬಳೆ ಹಾಕುವ ಹೆಂಗಸರ ಊರು ನೋಡುವ ಆಸೆ. ಮಾರ್ಚ್ ಕೊನೆಗೆ ಎಂಟು ದಿನ ರಜೆ ಸಿಗುತ್ತದೆ. ಅತ್ತೆಗೆ ಸ್ವಲ್ಪ ಉಬ್ಬಸವಿದೆ, ಘಾಟಿ ರಸ್ತೆಯಲ್ಲಿ ವಾಂತಿಯಾಗುತ್ತದೆ. ಮೂವರೂ ಸಸ್ಯಾಹಾರಿಗಳು. ಕಾರು ಬಾಡಿಗೆಗೆ ಪಡೆದು ಯಜಮಾನರೇ ಓಡಿಸಬಹುದೇ? ‘ಆ ಹೆಂಗಸರನ್ನು ನೋಡೋಕೆ ದುಡ್ಡು ಕೊಟ್ಟು ಹೋಗೋದು ಸರಿನಾ’ ಎಂದು ಮಗಳು ಕೇಳುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಮೊದಲು ತಿಂಗಳು ಬದಲಿಸಿ. ಉಳಿದದ್ದೆಲ್ಲ ಆಮೇಲೆ.

ಮೇ ಹಾಂಗ್ ಸಾನನ್ನು ಥಾಯ್ ಜನ ‘ಮೂರು ಮಂಜಿನ ಊರು’ ಎನ್ನುತ್ತಾರೆ. ಚಳಿಗಾಲದ ಇಬ್ಬನಿ ಒಂದು, ಮಳೆಗಾಲದ ಮೋಡ ಇನ್ನೊಂದು, ಬೇಸಿಗೆಯ ಹೊಗೆ ಮೂರನೆಯದು. ಈ ಮೂರನೆಯ ಮಂಜೇ ನಿಮ್ಮ ಅತ್ತೆಯವರಿಗೆ ಅಪಾಯ. ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಒಣಗಿದ ತರಗೆಲೆಗೆ ಬಿದ್ದ ಕಾಡುಗಿಚ್ಚು, ಜೋಳದ ಹೊಲ ಸುಡುವ ಬೆಂಕಿ, ನಮ್ಮ ಕುಮರಿ ಬೇಸಾಯದಂತೆ ಗುಡ್ಡ ಸುಟ್ಟು ಬಿತ್ತುವವರ ಬೆಂಕಿ, ಗಡಿಯಾಚೆ ಮ್ಯಾನ್ಮಾರ್‌ನಿಂದ ತೇಲಿಬರುವ ಹೊಗೆ ಎಲ್ಲವೂ ಕಣಿವೆಗೆ ಇಳಿಯುತ್ತವೆ. ಸುತ್ತ ಬೆಟ್ಟ, ಗಾಳಿಯ ಓಟವಿಲ್ಲ. ರಾತ್ರಿ ತಳದಲ್ಲಿ ತಣ್ಣನೆಯ ಗಾಳಿ ಕೂತುಬಿಟ್ಟರೆ ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ನಿಲ್ಲುತ್ತದೆ, ಹೊಗೆ ಮೇಲೇಳುವುದಿಲ್ಲ. ಮಾರ್ಚ್ ಕೊನೆಯಲ್ಲಿ ಎದುರಿನ ಗುಡ್ಡವೇ ಕಾಣದ ದಿನಗಳಿರುತ್ತವೆ. ಉಬ್ಬಸ ಇರುವವರನ್ನು ಆಗ ಅಲ್ಲಿಗೆ ಕರೆದೊಯ್ಯಬೇಡಿ. ಒಳ್ಳೆಯ ಮಾಸ್ಕ್ ಹಾಕಿಕೊಂಡರೆ ಸಾಕು ಎನ್ನುವವರ ಮಾತು ಕೇಳಬೇಡಿ. ಮಾಸ್ಕ್ ಹಾಕಿಕೊಂಡು ಮಲಗಲಾಗದು.

ಬೆಟ್ಟದ ಪ್ರಾಂತ್ಯ, ತಂಪಾಗಿರುತ್ತದೆ ಎಂಬ ಊಹೆಯೂ ತಪ್ಪು. ಪಟ್ಟಣ ಇರುವುದು ತಗ್ಗಿನ ಕಣಿವೆಯಲ್ಲಿ. 2016ರ ಏಪ್ರಿಲ್ 28ರಂದು ಇಲ್ಲಿ 44.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿ, ಇಡೀ ಥಾಯ್ಲೆಂಡಿನ ದಾಖಲೆಯಾಗಿ ಕೆಲವು ವರ್ಷ ನಿಂತಿತ್ತು.

ಮಾರ್ಚ್ ಬಿಡುವುದರಿಂದ ಒಂದು ನಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲೇ ‘ಪೋಯ್ ಸಾಂಗ್ ಲಾಂಗ್’ ಹಬ್ಬ. ತಾಯ್ ಯಾಯ್ ಜನಾಂಗದ, ಅಂದರೆ ಶಾನ್ ಜನರ, ಗಂಡುಮಕ್ಕಳು ಕೆಲವು ದಿನಗಳ ಮಟ್ಟಿಗೆ ಭಿಕ್ಷುಗಳಾಗುವ ಮುನ್ನ ರಾಜಕುಮಾರರಂತೆ ಸಿಂಗರಿಸಿಕೊಂಡು, ನೆಲಕ್ಕೆ ಕಾಲು ತಾಗದಂತೆ ದೊಡ್ಡವರ ಹೆಗಲೇರಿ ಮೆರವಣಿಗೆ ಹೋಗುತ್ತಾರೆ. ಸಿದ್ಧಾರ್ಥ ಅರಮನೆ ಬಿಟ್ಟ ಕಥೆಯನ್ನು ಊರೇ ಆಡಿ ತೋರಿಸುವ ಹಬ್ಬ ಅದು. ಆರೋಗ್ಯ ಗಟ್ಟಿಯಿರುವವರು ಅದಕ್ಕಾಗಿ ಹೊಗೆ ಸಹಿಸಬಹುದು. ನೀವು ಬೇಡ.

ನಿಮಗೆ ನಮ್ಮ ಸಲಹೆ ದಸರಾ ರಜೆ, ಅದರಲ್ಲೂ ಸೀಗೆ ಹುಣ್ಣಿಮೆಯ ಆಸುಪಾಸು. ಬೌದ್ಧರ ಮಳೆಗಾಲದ ವ್ರತ ಮುಗಿಯುವುದು ಹೆಚ್ಚಿನ ವರ್ಷಗಳಲ್ಲಿ ಅದೇ ಹುಣ್ಣಿಮೆಗೆ. ಆಗ ಇಲ್ಲಿ ‘ಚಾಂಗ್ ಪಾರಾ’ ಹಬ್ಬ. ಸ್ವರ್ಗದಲ್ಲಿ ತಾಯಿಗೆ ಧರ್ಮ ಬೋಧಿಸಿ ಭೂಮಿಗೆ ಇಳಿದುಬರುವ ಬುದ್ಧನಿಗಾಗಿ ಬಿದಿರು, ಬಣ್ಣದ ಕಾಗದದಿಂದ ಪುಟ್ಟ ಅರಮನೆ ಕಟ್ಟಿ, ಹಣ್ಣು ಕಟ್ಟಿ, ಮನೆ ಮುಂದೆಯೂ ದೇವಾಲಯಗಳಲ್ಲೂ ಇಡುತ್ತಾರೆ. ಆಗ ಗಾಳಿ ತೊಳೆದಂತಿರುತ್ತದೆ, ಗದ್ದೆ ಹೊಂಬಣ್ಣಕ್ಕೆ ತಿರುಗಿರುತ್ತದೆ. ಮಳೆ ಮಾತ್ರ ಪೂರ್ತಿ ಹೋಗಿರುವುದಿಲ್ಲ. ಎಂಟರಲ್ಲಿ ಒಂದು ದಿನ ಕೈಲಿ ಉಳಿಸಿಕೊಳ್ಳಿ, ಮಣ್ಣು ಕುಸಿದು ರಸ್ತೆ ಅರ್ಧ ದಿನ ನಿಲ್ಲಬಹುದು. ದಸರಾ ಆಗದಿದ್ದರೆ ನವೆಂಬರ್‌ನಿಂದ ಜನವರಿ. ನವೆಂಬರ್‌ನಲ್ಲಿ ಖುನ್ ಯುಆಮ್ ಬಳಿಯ ಮೇ ಊ ಖೋ ಗುಡ್ಡವೆಲ್ಲ ಹಳದಿ ಕಾಡು ಸೂರ್ಯಕಾಂತಿಯಿಂದ ತುಂಬುತ್ತದೆ. ಆದರೆ ಡಿಸೆಂಬರ್, ಜನವರಿಯ ರಾತ್ರಿ ಬೆಟ್ಟದ ಹಳ್ಳಿಗಳಲ್ಲಿ 10 ಡಿಗ್ರಿಗಿಂತ ಕೆಳಗೆ ಹೋಗಬಹುದು, ಬಿದಿರಿನ ಗೋಡೆ ಚಳಿ ತಡೆಯುವುದಿಲ್ಲ. ಅತ್ತೆಯವರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕಾಲುಚೀಲ ಬೇಕೇ ಬೇಕು.

ಇನ್ನು ದಾರಿ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಚಿಯಾಂಗ್ ಮಾಯ್. ಬ್ಯಾಂಕಾಕಿನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಆಂಗ್ ಎಂಬ ಎರಡು ವಿಮಾನ ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವಂತೆ ಅಗ್ಗದ ಟಿಕೆಟ್ ತೆಗೆದುಕೊಂಡವರು ನಗರದ ಟ್ರಾಫಿಕ್‌ನಲ್ಲಿ ಸಿಕ್ಕಿ ವಿಮಾನ ತಪ್ಪಿಸಿಕೊಳ್ಳುತ್ತಾರೆ; ಎರಡೂ ಟಿಕೆಟ್ ಒಂದೇ ನಿಲ್ದಾಣದ್ದಾಗಿರಲಿ. 2024ರ ಜುಲೈ 15ರಿಂದ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದ್ದರು. ಇಂಥ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯ. ತಲುಪುವ ಮುನ್ನಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಪುಟ ಸರ್ಕಾರದ್ದಲ್ಲ.

ಚಿಯಾಂಗ್ ಮಾಯ್‌ನಿಂದ ಮೇ ಹಾಂಗ್ ಸಾನ್‌ಗೆ ಎರಡು ರಸ್ತೆ. ಉತ್ತರದ 1095, ಪಾಯ್ ಮೇಲೆ ಹೋಗುವುದು, ಸುಮಾರು 245 ಕಿಲೋಮೀಟರ್. ದಕ್ಷಿಣದ 108, ಮೇ ಸರಿಯಾಂಗ್ ಮೇಲೆ ಹೋಗುವುದು, ಸುಮಾರು 350. ಎರಡನ್ನೂ ಸೇರಿಸಿದ 600 ಕಿಲೋಮೀಟರ್ ಸುತ್ತಿಗೆ 1,864 ತಿರುವು ಎಂಬುದು ಅಲ್ಲಿನವರ ಲೆಕ್ಕ. ಅಂಗಿಯ ಮೇಲೂ ಅಚ್ಚು ಹಾಕಿ ಮಾರುತ್ತಾರೆ. ಆಗುಂಬೆಯ 14 ತಿರುವಿಗೆ ಹೊಟ್ಟೆ ತೊಳಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೋಗುವಾಗ 1095, ಬರುವಾಗ 108 ಇಟ್ಟುಕೊಳ್ಳಿ. ಬಿಗಿಯಾದ ತಿರುವುಗಳು ಮೈಯಲ್ಲಿ ದಣಿವಿಲ್ಲದ ಮೊದಲ ದಿನಗಳಲ್ಲೇ ಮುಗಿಯುತ್ತವೆ, ಹಿಂತಿರುಗುವಾಗ ಅಗಲವಾದ, ಸಾವಧಾನದ ರಸ್ತೆ ಸಿಗುತ್ತದೆ.

1095ನ್ನು ಒಂದೇ ದಿನದಲ್ಲಿ ದಾಟಬೇಡಿ. ಮಿನಿವ್ಯಾನ್ ಆರು ಗಂಟೆಯಲ್ಲಿ ತಲುಪಿಸುತ್ತದೆ ನಿಜ, ಆದರೆ ಹಿಂದಿನ ಸಾಲಿನಲ್ಲಿ ಕೂತವರು ಅರ್ಧ ದಾರಿಗೇ ಸೋತಿರುತ್ತಾರೆ. ಚಿಯಾಂಗ್ ಮಾಯ್‌ನಿಂದ ಮೇ ಮಾಲಾಯ್ ಕೂಡುರಸ್ತೆಯವರೆಗೆ ಸಮತಟ್ಟು, ಆಮೇಲೆ ಏರು ಶುರು. ಪಾಯ್ ತಲುಪಲು ಒಟ್ಟು 130 ಕಿಲೋಮೀಟರ್, ಮೂರು ಗಂಟೆ. ಆ ರಾತ್ರಿ ಪಾಯ್‌ನಲ್ಲೇ ಇರಿ. ಮರುದಿನ ಇನ್ನೊಂದು ನೂರು ಚಿಲ್ಲರೆ ಕಿಲೋಮೀಟರ್. ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಲಿ, ಮೊಬೈಲ್ ಮುಟ್ಟದಿರಲಿ, ಹೊರಡುವ ಒಂದೂವರೆ ಗಂಟೆ ಮೊದಲು ಸ್ವಲ್ಪವೇ ತಿನ್ನಲಿ. ಖಾಲಿ ಹೊಟ್ಟೆಯೂ ವಾಂತಿ ತರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ತಿರುವು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಬೇಕು. ಆ ವಯಸ್ಸಿನಲ್ಲಿ ಈ ಮಾತ್ರೆಗಳು ಜೋರು ನಿದ್ದೆ, ಓಲಾಟ ತರುತ್ತವೆ. ಉಬ್ಬಸದ ಔಷಧ ಬೇರೆ ಇರುವುದರಿಂದ ಯಾವುದು, ಎಷ್ಟು ಎಂದು ನಿಮ್ಮ ವೈದ್ಯರೇ ಹೇಳಲಿ. ಇನ್‌ಹೇಲರ್ ಎರಡು ಇರಲಿ, ಒಂದು ಕೈಚೀಲದಲ್ಲಿ. ಮೇ ಹಾಂಗ್ ಸಾನ್ ಪಟ್ಟಣದಲ್ಲಿ ಶ್ರೀಸಂಗ್ವಾನ್ ಆಸ್ಪತ್ರೆಯಿದೆ. ಆಂಬುಲೆನ್ಸ್‌ಗೆ 1669, ಪ್ರವಾಸಿ ಪೊಲೀಸರಿಗೆ 1155.

ಯಜಮಾನರು ಕಾರು ಓಡಿಸಬಹುದೇ? ಓಡಿಸಬಹುದು. ನಮ್ಮಂತೆಯೇ ಎಡಬದಿಯ ಸಂಚಾರ, ಬಲಬದಿಯ ಸ್ಟಿಯರಿಂಗ್. ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು, ಒಂದು ವರ್ಷಕ್ಕೆ ಸಿಗುತ್ತದೆ. ಮೂಲ ಪರವಾನಗಿಯೂ ಜೊತೆಗಿರಲಿ. ಅದಿಲ್ಲದೆಯೂ ಬಾಡಿಗೆಗೆ ಕೊಡುವವರಿದ್ದಾರೆ, ಆದರೆ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಕಾರು 1.5 ಲೀಟರ್ ಎಂಜಿನ್ನಿನದಾಗಿರಲಿ. ಮೂವರು, ಮೂರು ಸೂಟ್‌ಕೇಸ್ ಹೊತ್ತ 1.2 ಲೀಟರ್ ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ. ಅಲ್ಲಿ ಕೆಡುವುದು ಏರಿಗಿಂತ ಇಳಿತದಲ್ಲಿ. ಆಟೋಮ್ಯಾಟಿಕ್ ಕಾರನ್ನು ‘ಡಿ’ಯಲ್ಲೇ ಬಿಟ್ಟು ಹತ್ತು ಕಿಲೋಮೀಟರ್ ಬ್ರೇಕ್ ಒತ್ತುತ್ತಾ ಇಳಿದರೆ ಬ್ರೇಕ್ ಕಾದು ಹಿಡಿತ ಸಡಿಲಾಗುತ್ತದೆ. ಇಳಿತ ಶುರುವಾಗುವಾಗಲೇ ‘ಎಲ್’ ಅಥವಾ ‘2’ಕ್ಕೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯಲಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಸುರಿಯಬೇಡಿ. ಪೆಟ್ರೋಲ್ ಅರ್ಧ ಟ್ಯಾಂಕ್‌ಗೆ ಇಳಿದಾಗಲೇ ತುಂಬಿಸಿ. ಬಂಕ್‌ನಲ್ಲಿ ಗ್ಯಾಸೊಹಾಲ್ (ಎಥನಾಲ್ ಬೆರೆಸಿದ ಪೆಟ್ರೋಲ್) 91, 95, ಇ20 ಎಂದು ಬಗೆಬಗೆ ಇರುತ್ತದೆ. ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿಸಿ. ಸಂಜೆ ಐದರ ನಂತರ ಘಟ್ಟದಲ್ಲಿರಬೇಡಿ. ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಮೂವರಿಗೆ ಚಾಲಕನಿರುವ ವ್ಯಾನೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಮಾತಾಡುವಾಗ ಇಂಧನ, ಚಾಲಕನ ಊಟ ವಸತಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ದಾರಿಯಲ್ಲಿ ಪೊಲೀಸ್, ಸೈನ್ಯದ ತಪಾಸಣೆ ಇರುತ್ತದೆ, ಇದು ಮಾದಕ ವಸ್ತು ಸಾಗಣೆಯ ಗಡಿ. ಪಾಸ್‌ಪೋರ್ಟ್ ಕೈಗೆಟಕುವಲ್ಲಿ ಇರಲಿ. ಈ ಪ್ರಾಂತ್ಯದಿಂದ ನಾವು ಮ್ಯಾನ್ಮಾರ್‌ಗೆ ದಾಟುವ ಅಧಿಕೃತ ದ್ವಾರವಿಲ್ಲ. ‘ಹತ್ತೇ ಹೆಜ್ಜೆ, ಫೋಟೊ ತೆಗೆಸಿಕೊಂಡು ಬನ್ನಿ’ ಎಂದರೂ ಹೋಗಬೇಡಿ. 2021ರ ನಂತರ ಗಡಿಯಾಚೆ ಕಾಳಗ ನಡೆದಿದೆ. ಸಾಲ್ವೀನ್ ನದಿಯ ದಂಡೆಯ ಮೇ ಸಾಮ್ ಲೇಪ್ ಕಡೆಯ ದೋಣಿಯಾನ ಈ ಸಲ ಬಿಡಿ. ನಿರಾಶ್ರಿತರ ಶಿಬಿರಗಳೂ ಪ್ರವಾಸಿಗರಿಗೆ ತೆರೆದಿಲ್ಲ.

ಪಾಯ್‌ನಿಂದ ಮುಂದೆ ಪಾಂಗ್ ಮಫಾ ಬಳಿ ಥಾಮ್ ಲೋಟ್ ಗುಹೆ. ನಾಮ್ ಲಾಂಗ್ ಹೊಳೆ ಗುಹೆಯ ಒಳಗೇ ಹರಿಯುತ್ತದೆ. ಲಾಂದ್ರ ಹಿಡಿದ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ, ಬಿದಿರಿನ ತೆಪ್ಪಕ್ಕೆ ಬೇರೆ ಹಣ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ತೇಗದ ಶವಪೆಟ್ಟಿಗೆಗಳು ಒಳಗಿವೆ. ಒದ್ದೆ ಮೆಟ್ಟಿಲು ಕಡಿದು, ಕೈಹಿಡಿ ಗಟ್ಟಿಯಿಲ್ಲ. ಅತ್ತೆಯವರು ತೆಪ್ಪದಲ್ಲಿ ಹೋಗಿಬರಲಿ, ಮೇಲಿನ ಗುಹೆಗಳಿಗೆ ಹತ್ತುವುದು ಬೇಡ.

ಮೇ ಹಾಂಗ್ ಸಾನ್ ಪಟ್ಟಣಕ್ಕೆ ಮೂರು ರಾತ್ರಿ ಕೊಡಿ. 1831ರಲ್ಲಿ ಆನೆ ಹಿಡಿಯಲು ಬಂದವರು ಇಲ್ಲಿ ಅವನ್ನು ಪಳಗಿಸಿದರಂತೆ. ಊರಿನ ಹೆಸರೂ ಆ ಪಳಗಿಸುವಿಕೆಯಿಂದಲೇ ಬಂತೆನ್ನುತ್ತಾರೆ. ಇಲ್ಲಿನ ದೇವಾಲಯಗಳು ಬ್ಯಾಂಕಾಕಿನವುಗಳಂತಿಲ್ಲ, ಬರ್ಮಾದ ಕಡೆಗೆ ಮುಖ ಮಾಡಿದ ತಾಯ್ ಯಾಯ್ ಶೈಲಿಯವು. ಕಂಬಗಳ ಮೇಲೆ ನಿಂತ ಮರದ ದೊಡ್ಡ ಮನೆ, ಅದರೊಳಗೇ ಪೂಜೆಯೂ ಭಿಕ್ಷುಗಳ ವಾಸವೂ. ಮೇಲೆ ಹಂತಹಂತವಾಗಿ ಏರುವ ಸೂರು, ಸೂರಿನ ಅಂಚಿಗೆ ತಗಡಿನಲ್ಲಿ ಕತ್ತರಿಸಿದ ಜಾಲರಿ. ಸಂಜೆ ಬೆಳಕಿನಲ್ಲಿ ಆ ಜಾಲರಿ ನೋಡಬೇಕು, ಲೇಸಿನಂತಿರುತ್ತದೆ. ಕೆರೆಯ ದಂಡೆಯಲ್ಲಿ ಅಕ್ಕಪಕ್ಕ ನಿಂತ ವಾಟ್ ಚಾಂಗ್ ಖಾಮ್, ವಾಟ್ ಚಾಂಗ್ ಕ್ಲಾಂಗ್ ಎರಡನ್ನೂ ಬೆಳಿಗ್ಗೆ ಏಳಕ್ಕೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ ನೋಡಿ. ಚಾಂಗ್ ಖಾಮ್ 1827ರದು. ಚಾಂಗ್ ಕ್ಲಾಂಗ್‌ನಲ್ಲಿ 1857ರಲ್ಲಿ ಬರ್ಮಾದಿಂದ ತಂದ ಮರದ ಗೊಂಬೆಗಳಿವೆ, ವೇಸಂತರ ಜಾತಕದ ಪಾತ್ರಗಳು. ಕೇಳಿದವರಿಗೆಲ್ಲ ಕೊಟ್ಟು, ಕೊನೆಗೆ ಹೆಂಡತಿ ಮಕ್ಕಳನ್ನೂ ಕೊಟ್ಟುಬಿಟ್ಟ ರಾಜಕುಮಾರನ ಕಥೆ. ಹರಿಶ್ಚಂದ್ರನ ಕಥೆ ಬಲ್ಲ ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಗೊಂಬೆಗಳ ಮುಂದೆ ಹೊತ್ತು ಹೋದದ್ದೇ ತಿಳಿಯದು. ಒಳಗಿನ ಗಾಜಿನ ಚಿತ್ರಗಳನ್ನೂ ಬಿಡಬೇಡಿ. ಊರ ಮೇಲಿನ ದೋಯ್ ಕಾಂಗ್ ಮೂ ಗುಡ್ಡದಲ್ಲಿ 1860ರ ದೊಡ್ಡ ಚೆಡಿ (ಸ್ತೂಪ), 1874ರ ಚಿಕ್ಕ ಚೆಡಿ. ಗುಡ್ಡದ ನೆತ್ತಿಯವರೆಗೆ ವಾಹನ ಹೋಗುತ್ತದೆ, ಮೆಟ್ಟಿಲು ಹತ್ತಬೇಕಿಲ್ಲ.

ಪದಗಳು ನಮಗೆ ಹೊರಗಿನವಲ್ಲ. ಚೆಡಿ ಎಂದರೆ ಚೈತ್ಯ, ವಿಹಾನ್ ಎಂದರೆ ವಿಹಾರ, ಅಸ್ಥಿ ಇರಿಸಿದ ಚೆಡಿಯ ಹೆಸರಲ್ಲಿ ಬರುವ ‘ಪ್ರ ಥಾತ್’ನ ‘ಥಾತ್’ ಎಂದರೆ ಧಾತು. ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. ಚಪ್ಪಲಿ ಹೊರಗೆ, ಭುಜ ಮಂಡಿ ಮುಚ್ಚಿರಲಿ, ಹೊಸ್ತಿಲು ತುಳಿಯದೆ ದಾಟಿ, ಕಾಲುಚಾಚಿ ಬುದ್ಧನಿಗೆ ಪಾದ ತೋರಿಸಬೇಡಿ. ಹೆಂಗಸರು ಭಿಕ್ಷುವಿನ ಕೈಗೆ ನೇರವಾಗಿ ಏನನ್ನೂ ಕೊಡಬಾರದು, ಪಾತ್ರೆಯಲ್ಲೋ ಬಟ್ಟೆಯ ಮೇಲೋ ಇಡಬೇಕು. ಕೆಲವು ಕಡೆ ಹೆಂಗಸರಿಗೆ ಪ್ರವೇಶವಿಲ್ಲವೆಂಬ ಫಲಕವಿರುತ್ತದೆ. ನೋವಾಗುವುದು ಸಹಜ, ಆದರೂ ಅಲ್ಲಿ ವಾದಕ್ಕಿಳಿಯಬೇಡಿ. ಬುದ್ಧನ ಮೂರ್ತಿ ಕೊಂಡು ದೇಶದಾಚೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು.

ಊಟದ ವಿಚಾರದಲ್ಲಿ ‘ವೆಜಿಟೇರಿಯನ್’ ಎಂದರೆ ಕೆಲಸ ಆಗದು. ಮಾಂಸದ ತುಂಡು ತೆಗೆದು ಮೀನಿನ ಸಾರದಲ್ಲೇ ಬೇಯಿಸಿ ಕೊಡುತ್ತಾರೆ, ಮೋಸದಿಂದಲ್ಲ, ಅದು ಅವರಿಗೆ ಉಪ್ಪಿದ್ದಂತೆ. ಎರಡು ಪದ ಕಲಿಯಿರಿ. ‘ಮಾಂಗ್ಸವಿರಾಟ್’, ಅಂದರೆ ನಮ್ಮ ‘ಮಾಂಸವಿರತಿ’ಯೇ; ಇದರಲ್ಲಿ ಮೊಟ್ಟೆ ಬರಬಹುದು. ‘ಜೇ’ ಎಂಬುದು ಇನ್ನೂ ಕಟ್ಟುನಿಟ್ಟು: ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಜೇ ಅಂಗಡಿಗೆ ಹಳದಿ ಬಾವುಟ, ಅದರ ಮೇಲೆ ‘17’ ಎಂಬ ಅಂಕಿಯಂತೆ ಕಾಣುವ ಕೆಂಪು ಅಕ್ಷರ. ಉಳಿದ ಕಡೆ ‘ಮೈ ಸೈ ನಾಮ್ ಪ್ಲಾ’ (ಮೀನಿನ ಸಾಸ್ ಬೇಡ), ‘ಮೈ ಸೈ ಕಪಿ’ (ಸೀಗಡಿ ಹಿಂಡಿ ಬೇಡ), ‘ಮೈ ಸೈ ನಾಮ್ ಮಾನ್ ಹೋಯ್’ (ಸಿಂಪಿ ಸಾಸ್ ಬೇಡ) ಎಂದು ಮೂರನ್ನೂ ಬಿಡಿಸಿ ಹೇಳಬೇಕು. ಅಕ್ಟೋಬರ್ ಹೊತ್ತಿನ ಒಂಬತ್ತು ದಿನದ ಜೇ ಹಬ್ಬ ಕೆಲವು ವರ್ಷ ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ; ಆಗ ಪೇಟೆಗಳಲ್ಲಿ ಊಟ ಸುಲಭ. ತಾಯ್ ಯಾಯ್ ಅಡುಗೆಯಲ್ಲಿ ಕಾಳಿನ ಹಿಟ್ಟನ್ನು ಕುದಿಸಿ ಬಿಸಿಬಿಸಿಯಾಗಿ ಸುರಿಯುವ ಗಟ್ಟಿ ಗಂಜಿಯಿದೆ, ಬೆಳಗಿನ ಸಂತೆಯಲ್ಲಿ ಸಿಗುತ್ತದೆ, ಹೊಟ್ಟೆಗೆ ಹಿತ. ಮೇಲೆ ಹಾಕುವ ಸಾರು ಯಾವುದೆಂದು ಮಾತ್ರ ಕೇಳಿ. ಹಳ್ಳಿಗಳಿಗೆ ಹೋಗುವ ದಿನ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ, ಬಿಳಿ ಅನ್ನ ಎಲ್ಲೆಡೆ ಸಿಗುತ್ತದೆ. ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಆಸುಪಾಸು ಹಿಡಿಯುತ್ತವೆ. ಒಂದೇ ಸಲ ತೆಗೆದು, 20, 50, 100ರ ನೋಟು ಮಾಡಿಸಿಕೊಳ್ಳಿ.

ಈಗ ಮಗಳ ಪ್ರಶ್ನೆ. ಅವಳು ಸರಿಯಾದದ್ದನ್ನೇ ಕೇಳಿದ್ದಾಳೆ.

ಆ ಹೆಂಗಸರು ಕಯಾನ್ ಜನ. ಮ್ಯಾನ್ಮಾರ್‌ನ ಕಯಾ ರಾಜ್ಯದ ಕಾಳಗದಿಂದ ತಪ್ಪಿಸಿಕೊಂಡು ಮುಖ್ಯವಾಗಿ 1980ರ ದಶಕದ ಕೊನೆಯಿಂದ ಇಲ್ಲಿಗೆ ಬಂದವರು. ಕತ್ತಿನಲ್ಲಿರುವುದು ಬಿಡಿ ಬಳೆಗಳಲ್ಲ, ಒಂದೇ ಹಿತ್ತಾಳೆ ಸರಳಿನ ಸುರುಳಿ. ಐದು ವರ್ಷದ ಆಸುಪಾಸಿನಲ್ಲಿ ಹಾಕಿ, ಬೆಳೆದಂತೆ ಬಿಚ್ಚಿ ಉದ್ದದ್ದನ್ನು ಹಾಕುತ್ತಾರೆ. ಕತ್ತು ಉದ್ದವಾಗುವುದಿಲ್ಲ; ಭಾರಕ್ಕೆ ಕೊರಳೆಲುಬು, ಮೇಲಿನ ಪಕ್ಕೆಲುಬು ಕೆಳಗಿಳಿದು ಹಾಗೆ ಕಾಣುತ್ತದೆ. ಇಲ್ಲಿ ಅನೇಕರಿಗೆ ಬಹಳ ಕಾಲ ಪೌರತ್ವವಿರಲಿಲ್ಲ, ಓಡಾಟಕ್ಕೆ ನಿರ್ಬಂಧವಿತ್ತು, ಪ್ರವಾಸಿಗರ ಹಣವೇ ಜೀವನಾಧಾರವಾಯಿತು. 2008ರಲ್ಲಿ ಕೆಲವರಿಗೆ ಬೇರೆ ದೇಶದಲ್ಲಿ ನೆಲೆಸುವ ಅವಕಾಶ ಬಂದಾಗಲೂ ಹೊರಡಲು ಬಿಡದಿದ್ದುದನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಹಿರಂಗವಾಗಿ ಟೀಕಿಸಿತು. ಹಾಗೆಂದು ಎಲ್ಲರೂ ಹೋಗುವುದನ್ನು ನಿಲ್ಲಿಸಿದರೆ ಮೊದಲು ಬರಿದಾಗುವುದು ಅದೇ ಹೆಂಗಸರ ಕೈ.

ಆದ್ದರಿಂದ ಮಗಳಿಗೆ ಹೇಳಿ: ಹೋಗುವ ರೀತಿಯಲ್ಲಿ ಉತ್ತರವಿದೆ. ಚಿಯಾಂಗ್ ಮಾಯ್ ಸುತ್ತ ಪ್ರವಾಸಿಗರಿಗೆಂದೇ ನಾಲ್ಕಾರು ಬುಡಕಟ್ಟಿನವರನ್ನು ಒಂದೇ ಬೇಲಿಯೊಳಗೆ ತಂದು ಕೂರಿಸಿದ ‘ಹಳ್ಳಿ’ಗಳಿಗೆ ಕಾಲಿಡಬೇಡಿ. ಮೇ ಹಾಂಗ್ ಸಾನ್ ಬಳಿ ಪಾಯ್ ನದಿಯ ದಂಡೆಯ ಹುಆಯ್ ಪೂ ಕೇಂಗ್‌ಗೆ ದೋಣಿಯಲ್ಲಿ ಹೋಗಿ. ಅದು ಜನ ನಿಜವಾಗಿ ಬಾಳುವ ಊರು. ಊರವರೇ ನೇಯ್ಗೆ, ಬಿದಿರು ಕೆತ್ತನೆ ಕಲಿಸುತ್ತಾರೆ, ರಾತ್ರಿ ತಂಗಲು ಮನೆ ಕೊಡುತ್ತಾರೆ. ಅರ್ಧ ಗಂಟೆ ಸುತ್ತಿ ಫೋಟೊ ತೆಗೆದು ಬರುವ ಯೋಚನೆಯಿದ್ದರೆ ಹೋಗಲೇಬೇಡಿ. ಅರ್ಧ ದಿನವಾದರೂ ಇರಿ, ಮಗ್ಗದ ಮುಂದೆ ಕೂತು ಒಂದು ಕೈ ನೇಯ್ದು ನೋಡಿ, ನೇಯ್ದವಳ ಕೈಯಿಂದಲೇ ಶಾಲು ಕೊಳ್ಳಿ. ಹೆಚ್ಚು ಚೌಕಾಸಿ ಮಾಡಬೇಡಿ, ಒಂದು ಶಾಲಿನ ಹಿಂದೆ ದಿನಗಟ್ಟಲೆ ಕೆಲಸವಿದೆ. ಕ್ಯಾಮೆರಾ ಎತ್ತುವ ಮುನ್ನ ಹೆಸರು ಕೇಳಿ, ಒಪ್ಪಿಗೆ ಕೇಳಿ. ಮಕ್ಕಳಿಗೆ ಚಾಕೊಲೇಟ್, ಚಿಲ್ಲರೆ ಕೊಟ್ಟರೆ ಅವರು ಶಾಲೆ ಬಿಟ್ಟು ದೋಣಿ ಕಾಯುತ್ತಾರೆ. ಕೊಡಲೇಬೇಕೆನಿಸಿದರೆ ನೋಟ್‌ಬುಕ್ಕುಗಳನ್ನು ಶಾಲೆಯ ಮೇಷ್ಟ್ರ ಕೈಗೆ ಕೊಡಿ.

ಪ್ರಾಂತ್ಯದ ಬೆಟ್ಟದ ಜನರೆಂದರೆ ಕಯಾನ್ ಮಾತ್ರವಲ್ಲ, ಸಂಖ್ಯೆಯಲ್ಲಿ ಹೆಚ್ಚಿನವರು ಕರೆನ್. ಅವರಲ್ಲಿ ಮದುವೆಯಾಗದ ಹುಡುಗಿ ಉದ್ದನೆಯ ಬಿಳಿ ಅಂಗಿ ತೊಡುತ್ತಾಳೆ, ಮದುವೆಯಾದವಳು ಬಣ್ಣದ ರವಿಕೆ ಮತ್ತು ಲುಂಗಿ. ಪಾಂಗ್ ಮಫಾದ ಜಾ ಬೋ ಲಾಹು ಜನರ ಹಳ್ಳಿ. ಬೆಳಗಿನ ಮಂಜಿನ ಮೇಲೆ ಕಾಲು ಇಳಿಬಿಟ್ಟು ನೂಡಲ್ಸ್ ತಿನ್ನುವ ಅಂಗಡಿಯಿಂದ ಹೆಸರಾಗಿದೆ, ಆದರೆ ಸಾರು ಮಾಂಸದ್ದು, ನೀವು ಮಂಜು ನೋಡಿ ಚಹಾ ಕುಡಿಯಿರಿ. ಹಳ್ಳಿಯಂಚಿನಲ್ಲಿ ಭೂತದ ಗುಡಿಯಂಥ ಪುಟ್ಟ ಕಟ್ಟೆ ಕಂಡರೆ ಮುಟ್ಟಬೇಡಿ. ನಮ್ಮ ಬನಗಳಿಗೆ ಇರುವ ಮಡಿಯೇ ಅದಕ್ಕೂ. ಪಟ್ಟಣದಿಂದ 44 ಕಿಲೋಮೀಟರ್ ದೂರದ ಬಾನ್ ರಾಕ್ ಥಾಯ್, 1949ರ ನಂತರ ಚೀನಾದ ಯುನ್ನಾನ್‌ನಿಂದ ಓಡಿಬಂದ ಸೈನಿಕರ ಸಂತತಿಯ ಊರು. ಕೆರೆ, ಮಣ್ಣಿನ ಮನೆ, ಊಲಾಂಗ್ ಚಹಾ. ಕೊನೆಯ ಏರು ಕಡಿದು. ಸ್ಕೂಟರ್‌ನಲ್ಲಿ ಇಬ್ಬರು ಹೋಗುವ ದಾರಿಯಲ್ಲ.

ಹೀಗೆ ಹೊಂದಿಸಿ: ಮೊದಲ ರಾತ್ರಿ ಚಿಯಾಂಗ್ ಮಾಯ್, ಎರಡನೆಯದು ಪಾಯ್, ಮೂರು ರಾತ್ರಿ ಮೇ ಹಾಂಗ್ ಸಾನ್, ಒಂದು ಮೇ ಸರಿಯಾಂಗ್, ಕೊನೆಯದು ಮತ್ತೆ ಚಿಯಾಂಗ್ ಮಾಯ್. ಮಳೆಗೆ ಕೈಲಿಡುವ ದಿನ ಮೇ ಹಾಂಗ್ ಸಾನ್‌ನ ಮೂರನೆಯದು. ರಸ್ತೆ ಎಲ್ಲೂ ನಿಲ್ಲದಿದ್ದರೆ ಅದನ್ನು ಹುಆಯ್ ಪೂ ಕೇಂಗ್‌ನಲ್ಲಿ ಕಳೆಯಿರಿ. ಹಬ್ಬದ ವಾರ ಕೆರೆ ದಂಡೆಯ ಕೋಣೆಗಳು ಬೇಗ ತುಂಬುತ್ತವೆ, ಆದ್ದರಿಂದ ಎಲ್ಲಕ್ಕಿಂತ ಮೊದಲು ಅಲ್ಲಿ ಕಾಯ್ದಿರಿಸಿ, ಅತ್ತೆಯವರಿಗೆ ಕೆಳಮಹಡಿ ಕೇಳಿ. ಮರದ ಹಳೆಯ ಮನೆಗಳಲ್ಲಿ ಏಣಿಯಂಥ ಮೆಟ್ಟಿಲಿರುತ್ತದೆ.